ಜೆಸಿಬಿ ಮೇಲಿನ ಚಿರತೆ

ಎತ್ತಿನಹೊಳೆ ನಾಲೆಯ ಮಣ್ಣುದಿಬ್ಬ, ತುಮಕೂರು–ಶಿವಮೊಗ್ಗ ಹೆದ್ದಾರಿಯ ಅರೆಬರೆ ಸೇತುವೆ, ಚಿಕ್ಕನಾಯಕನಹಳ್ಳಿಯ ಗಣಿಗುಂಡಿ, ತುರುವೇಕೆರೆಯ ಯಾವುದೋ ಜೆಸಿಬಿ: ಒಂದೇ ಚಿರತೆ ಒಂದೇ ರಾತ್ರಿ ಈ ನಾಲ್ಕೂ ಕಡೆ ಒಂದೇ ಭಂಗಿಯಲ್ಲಿ ಕೂರಬಲ್ಲದು, ಮೊಬೈಲಿನಲ್ಲಿ. ತಹಶೀಲ್ದಾರರಿಗೂ ಇಷ್ಟು ಬೇಗ ವರ್ಗ ಆಗುವುದಿಲ್ಲ. ಹಾಗೆಂದು ತೆಂಗಿನ ಸೀಮೆಯವರು ಸುಲಭಕ್ಕೆ ಮೋಸಹೋಗುವವರೇನಲ್ಲ. ಅಟ್ಟದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಒಡೆಯದೆ ಹೇಳುತ್ತಾರೆ. ಅದೇ ಕೈಗೆ ಚಿರತೆ ಫೋಟೊ ಬಂದರೆ ಮಾತ್ರ ಅಲ್ಲಾಡಿಸದೆಯೇ ಮುಂದಿನ ಗುಂಪಿಗೆ ದಾಟಿಸುತ್ತಾರೆ. ಎಲ್ಲರೂ ಚಿರತೆಯ ಮುಖ ನೋಡುತ್ತಾರೆ. ನೋಡಬೇಕಾದ್ದು ಅದರ ಅಕ್ಕಪಕ್ಕ. ಎಷ್ಟೋ ಸಲ ಪ್ರಾಣಿ ನಿಜ, ಚಿತ್ರವೂ ನಿಜ, ಕೆಳಗೆ ಬರೆದ ಊರಷ್ಟೇ ಸುಳ್ಳು. ಲಾರಿಯ ನಂಬರು ತಿಪಟೂರಿನ ಕೆಎ-44 ಇದೆಯೇ, ಮಣ್ಣು ನಮ್ಮದೇ, ತೆಂಗು ಸಾಲುಹಿಡಿದು ನೆಟ್ಟಗಿದೆಯೇ ಅಥವಾ ಸಮುದ್ರದ ಕಡೆ ವಾಲಿದೆಯೇ? ಮೈಮೇಲಿನ ಉಂಗುರಗಳ ಒಳಗೆ ಚುಕ್ಕಿ ಕಂಡರೆ ಅದು ಅಮೆರಿಕ ಖಂಡದ ಜಾಗ್ವಾರ್. ತಿಪಟೂರಿಗೆ ಬರಲು ಅದಕ್ಕೆ ಪಾಸ್‌ಪೋರ್ಟ್ ಬೇಕು.

ಕೆಲಸದ ಜಾಗಕ್ಕೆ ಚಿರತೆ ಬರುವುದೇ ಕಟ್ಟುಕತೆ ಎನ್ನುವ ಬುದ್ಧಿವಂತರೂ ಇದ್ದಾರೆ. ಅವರು ಎಡವುವುದು ಇಲ್ಲೇ. 2016ರ ಫೆಬ್ರುವರಿಯಲ್ಲಿ ಬೆಂಗಳೂರಿನ ಶಾಲೆಯೊಂದಕ್ಕೆ ಚಿರತೆ ನುಗ್ಗಿ, ಈಜುಕೊಳದ ಬಳಿ ವನ್ಯಜೀವಿ ತಜ್ಞ ಸಂಜಯ್ ಗುಬ್ಬಿ ಅವರನ್ನೇ ಗಾಯಗೊಳಿಸಿತು. 2017ರಲ್ಲಿ ಇನ್ನೊಂದು ಚಿರತೆ ಹರಿಯಾಣದ ಮಾನೇಸರದ ಕಾರು ಕಾರ್ಖಾನೆಗೆ ಹೊಕ್ಕಿತು. 2024ರ ಡಿಸೆಂಬರ್ 31ರಂದು ಮತ್ತೊಂದು ಮೈಸೂರಿನ ಇನ್ಫೋಸಿಸ್ ಆವರಣದಲ್ಲಿ ಕಾಣಿಸಿಕೊಂಡು, ಉದ್ಯೋಗಿಗಳೆಲ್ಲ ಮನೆಯಿಂದಲೇ ಕೆಲಸ ಮಾಡುವಂತಾಯಿತು. ವರ್ಷದ ಕೊನೆಯ ದಿನ ರಜೆಗಾಗಿ ಯಾರೋ ಹೆಣೆದ ಕತೆಯಂತೆ ಕೇಳಿದರೂ ಇದು ನಡೆದದ್ದೇ. ಚಿಕ್ಕನಾಯಕನಹಳ್ಳಿಗೆ ಆತುಕೊಂಡ ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ಚಿಂಕಾರ ಎಂಬ ಹುಲ್ಲೆ ಇದೆಯೆಂದರೂ ಯಾರು ನಂಬುತ್ತಿದ್ದರು? ನಂಬಿಸಿದ್ದು ಕ್ಯಾಮೆರಾ ಟ್ರ್ಯಾಪಿನ ಚಿತ್ರ; ಅದಕ್ಕೆ ದಿನಾಂಕ, ಗಂಟೆ, ಜಾಗ ಎಲ್ಲವೂ ಇರುತ್ತವೆ. 2019ರಲ್ಲಿ ಆ ಕಾಡು ಚಿಂಕಾರ ವನ್ಯಧಾಮವೇ ಆಯಿತು. ವಿಚಿತ್ರವೆಂಬುದು ಸುಳ್ಳಿಗೆ ಸಾಕ್ಷಿಯಲ್ಲ, ವಿಳಾಸವಿಲ್ಲದ್ದಕ್ಕೆ ಅನುಮಾನ ಸಲ್ಲುತ್ತದೆ.

‘ಸುಳ್ಳೇ ಇರಲಿ, ಜನ ಹುಷಾರಾಗಲಿ ಅಂತ ಕಳಿಸಿದೆ’ ಎನ್ನುವವರ ಕಳಕಳಿ ದೊಡ್ಡದೇ. ಆದರೆ 2019ರ ಕೊನೆಯಿಂದ 2020ರ ಮೊದಲ ತಿಂಗಳುಗಳವರೆಗೆ ಇದೇ ತುಮಕೂರು ಜಿಲ್ಲೆಯ ಗುಬ್ಬಿ, ಕುಣಿಗಲ್ ಕಡೆ ಚಿರತೆ ದಾಳಿಗೆ ಮಕ್ಕಳೂ ಸೇರಿ ಜನ ಸತ್ತಿದ್ದಾರೆ. ಬೋನುಗಳೇನು ಅರಣ್ಯ ಇಲಾಖೆಯಲ್ಲಿ ರಾಶಿ ಬಿದ್ದಿಲ್ಲ. ಫೋಟೊ ಚಿರತೆಗೆ ಇಟ್ಟ ಬೋನು ನಿಜ ಚಿರತೆಯ ಊರಿಗೆ ಸಿಗುವುದಿಲ್ಲ. ಇನ್ನು ಕೃತಕ ಬುದ್ಧಿಮತ್ತೆ ನಂಬರ್ ಪ್ಲೇಟನ್ನೂ ತೆಂಗಿನ ಸಾಲನ್ನೂ ಸರಿಯಾಗಿಯೇ ಬರೆದುಬಿಟ್ಟರೆ ಎಂಬ ಪ್ರಶ್ನೆ ಗಟ್ಟಿಯಾದದ್ದು. ಆಗ ಎರಡನೇ ಫೋಟೊ ಕೇಳಬೇಕು. ಕಾಮಗಾರಿ ಜಾಗದಲ್ಲಿ ಮೇಸ್ತ್ರಿಯಿಂದ ಕಾವಲುಗಾರನವರೆಗೆ ಎಲ್ಲರ ಕೈಯಲ್ಲೂ ಮೊಬೈಲಿದೆ. ನಿಜಕ್ಕೂ ಚಿರತೆ ಬಂದಿದ್ದರೆ ಹತ್ತು ದಿಕ್ಕಿನಿಂದ ಹತ್ತು ಮಸುಕು ಚಿತ್ರಗಳು, ಸಿಮೆಂಟ್ ಚೀಲದ ಹಿಂದೆ ಅರ್ಧ ಬಾಲ, ‘ಲೇ, ಹಿಂದಕ್ಕೆ ಬಾರೋ’ ಎಂಬ ಕೂಗಿನೊಡನೆ ನಡುಗುವ ಒಂದು ವಿಡಿಯೊ ಇರಲೇಬೇಕು. ಮದುವೆ ಆಲ್ಬಮ್ಮಿಗೆ ನಿಂತಂತೆ ಬೆಳಕಿಗೆ ಮುಖಕೊಟ್ಟ ಒಂದೇ ಒಂದು ಚಿತ್ರ ಬಂದರೆ, ಎಂ-ಸ್ಯಾಂಡ್ ರಾಶಿಯ ಮೇಲಿನ ಹೆಜ್ಜೆ ನೋಡಿಬನ್ನಿ ಎನ್ನಬಹುದು. ನಡೆಯುವಾಗ ಚಿರತೆ ಉಗುರು ಒಳಗೆಳೆದುಕೊಳ್ಳುತ್ತದೆ. ಉಗುರಿನ ಗುರುತು ಮೂಡಿದ್ದರೆ ಅದು ಬಹುಮಟ್ಟಿಗೆ ಕಂಟ್ರಾಕ್ಟರನ ನಾಯಿಯದೇ.