ಪ್ರಿಯ ‘ಎ’ ಅವರಿಗೆ

ತುಮಕೂರು ಜಿಲ್ಲೆಯ ನಮ್ಮ ಅರಳಗುಪ್ಪೆ ಕಡೆ ದಾನ ಕೊಡುವವರಿಗೆ ಎಂದೂ ಬರ ಬಂದಿಲ್ಲ. ಬರ ಇರುವುದು ಕೊಟ್ಟವರ ಹೆಸರನ್ನು ಸರಿಯಾಗಿ ಬರೆದಿಡುವವರಿಗೆ. ಜಾತ್ರೆಗೆ ಪೆಂಡಾಲು, ಶಾಲೆಗೆ ಬೆಂಚು, ದೇವರಿಗೆ ಬೆಳ್ಳಿ ಕಣ್ಣು, ಏನೇ ಕೇಳಿ, ‘ಬರ್ಕಳಪ್ಪ, ನಂದೂ ಒಂದಿರ್ಲಿ’ ಅನ್ನುತ್ತಾರೆ. ಫಜೀತಿ ಶುರುವಾಗುವುದು ಬರೆದುಕೊಂಡ ಮೇಲೆ. ಇನಿಷಿಯಲ್ ಬಿಟ್ಟರೆ ಸಿಟ್ಟು, ಅಪ್ಪನ ಹೆಸರು ಬಿಟ್ಟರೆ ಇನ್ನೂ ಸಿಟ್ಟು, ದಾಯಾದಿಯ ಹೆಸರಿನ ಕೆಳಗೆ ಬರೆದರಂತೂ ಮುಂದಿನ ಜಾತ್ರೆಯವರೆಗೆ ಮಾತೇ ಇಲ್ಲ. ಶಾಲೆಗೆ ಫ್ಯಾನು ಕೊಟ್ಟವರೊಬ್ಬರು ಮೂರು ರೆಕ್ಕೆಗೂ ಹೆಸರು ಬರೆಸಿದರು. ಒಂದರಲ್ಲಿ ಅಪ್ಪ, ಒಂದರಲ್ಲಿ ಅವ್ವ, ಒಂದರಲ್ಲಿ ತಾವು. ಕರೆಂಟಿದ್ದರೆ ಮಕ್ಕಳಿಗೆ ಗಾಳಿ, ಹೋದರೆ ದಾನಿಗಳ ದರ್ಶನ. ನಮ್ಮ ಕಡೆ ದರ್ಶನಕ್ಕೇನೂ ಕೊರತೆಯಿಲ್ಲ.

ಹಾಗೆ ನೋಡಿದರೆ ದಾನದ ದಾಖಲೆ ಇಡುವ ವಿದ್ಯೆಯಲ್ಲಿ ಈ ಸೀಮೆ ಬಹಳ ಹಳೆಯದು. ಊರಿನ ಕಲ್ಲೇಶ್ವರ ಗುಡಿ 9ನೇ ಶತಮಾನದ್ದು. ಚೆನ್ನಕೇಶವ ಗುಡಿ 13ನೇ ಶತಮಾನದ್ದು, ಹೊಯ್ಸಳರ ಕಾಲದ್ದು. ಆ ಕಾಲದ ದಾನಶಾಸನಗಳನ್ನು ಓದಿ ನೋಡಿ. ಕೊಟ್ಟವರು ಯಾರು, ಕೊಟ್ಟದ್ದು ಯಾರಿಗೆ, ಗದ್ದೆ ಎಷ್ಟು, ಮೂಡಲಿಗೆ ಯಾವ ಕೆರೆ, ಪಡುವಲಿಗೆ ಯಾವ ಗುಂಡು, ಸಾಕ್ಷಿ ಯಾರು, ಎಲ್ಲವೂ ಅಲ್ಲಿರುತ್ತದೆ. ಕೊನೆಯಲ್ಲಿ ಶಾಪ: ಇದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಬಿದ್ದಿರಲಿ ಎಂದು. ಬಿ. ಎಲ್. ರೈಸ್ ಸಾಹೇಬರು ಇಂಥವನ್ನೆಲ್ಲ ಊರೂರು ಹುಡುಕಿಸಿ, ತಾಲ್ಲೂಕುವಾರು ನಂಬರು ಕೊಟ್ಟು, ತುಮಕೂರು ಜಿಲ್ಲೆಯದನ್ನು 1904ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 12ನೇ ಸಂಪುಟವಾಗಿ ಅಚ್ಚು ಹಾಕಿಸಿದರು.  ಶಾಸನಗಳ ಕೊನೆಯ ಆ ಶಾಪದಲ್ಲಿ ಗಮನಿಸಬೇಕಾದ್ದೊಂದಿದೆ. ಅದು ದಾನ ಕೊಡದವನ ಮೇಲಲ್ಲ, ಕೊಟ್ಟದ್ದನ್ನು ಕೆಡಿಸಿದವನ ಮೇಲೆ. ಬರೆದಿಟ್ಟದ್ದರ ಭಾರವೆಲ್ಲ ಮುಂದೆ ಅದನ್ನು ಉಳಿಸಿಕೊಳ್ಳಬೇಕಾದವರ ಮೇಲೆಯೇ.

ಕಲ್ಲಿನಿಂದ ಈ ವಿದ್ಯೆ ಕಾಗದಕ್ಕೆ ಇಳಿದದ್ದು ಮುಯ್ಯಿ ಪುಸ್ತಕದಲ್ಲಿ. ಮದುವೆ ಮನೆಯಲ್ಲಿ ಹಸೆಮಣೆ ಬಿಟ್ಟರೆ ಘನವಾದ ಜಾಗವೆಂದರೆ ಮುಯ್ಯಿ ಬರೆಯುವ ಮೇಜು. ಅಲ್ಲಿ ಕೂರುವವನಿಗೆ ಅಕ್ಷರ ದುಂಡಗಿರಬೇಕು, ಬಾಯಿ ಬಿಗಿಯಿರಬೇಕು. ‘ಕೆ. ಬಿ. ಕ್ರಾಸ್ ಅಂಗಡಿಯವರು 501, ತುರುವೇಕೆರೆ ಸೋದರಮಾವ 1001, ಹುಳಿಯಾರು ಬೀಗರು 2001 ಮತ್ತು ಒಂದು ಸೀರೆ’ ಎಂದು ಸಾಲಾಗಿ ಬರೆಯುತ್ತಾನೆ. ಪುಸ್ತಕ ಒಡವೆಯ ಜೊತೆ ಟ್ರಂಕು ಸೇರುತ್ತದೆ. ಅಂಗಡಿಯವರ ಮನೆಯಲ್ಲಿ ಮದುವೆ ಬಂದಾಗ ಟ್ರಂಕಿನ ಬೀಗ ತೆಗೆಯುತ್ತದೆ. ‘ಅವರು ನಮಗೆ ಐನೂರ ಒಂದು ಹಾಕವ್ರೆ, ನಾವು ಸಾವಿರದ ಒಂದು ಹಾಕಾನ.’ ಅವರ ಹೆಸರು ನಮ್ಮ ಪುಸ್ತಕದಲ್ಲಿದ್ದರೆ ಸಾಲ ನಮ್ಮದು.

ಇಷ್ಟು ಪೀಠಿಕೆ ಯಾಕೆಂದರೆ, ನಾನು ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಹಳೆಯ ವಿದ್ಯಾರ್ಥಿಗಳ ಸಣ್ಣದೊಂದು ಟ್ರಸ್ಟಿಗೆ ಕಾರ್ಯದರ್ಶಿ ಆಗಿದ್ದೇನೆ. ಶಾಲೆಯ ಸೂರು ಸೋರದಂತೆ ನೋಡಿಕೊಳ್ಳುವುದು, ಬಡ ಮಕ್ಕಳಿಗೆ ಫೀಸು ಕಟ್ಟುವುದು, ಇಷ್ಟೇ ನಮ್ಮ ಕೆಲಸ. ಬೀರು ತುಂಬ ರಸೀದಿ ಪುಸ್ತಕಗಳು. ಒಂದು ದಿನ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮೂರ ಹುಡುಗ ಬಂದು, ‘ಸಾರ್, ಇದನ್ನೆಲ್ಲ ಕಂಪ್ಯೂಟರಿಗೆ ಹಾಕಾಣ’ ಅಂದ. ದಾನಿಗಳನ್ನು ನಿಭಾಯಿಸುವ ಸಾಫ್ಟ್‌ವೇರುಗಳೆಂದೇ ಬೇರೆ ಇವೆಯಂತೆ. 1981ರಲ್ಲಿ ಹುಟ್ಟಿದ ಅಮೆರಿಕದ ಬ್ಲ್ಯಾಕ್‌ಬಾಡ್ ಕಂಪನಿಯದು ಇದೇ ವ್ಯಾಪಾರ. ಸಿವಿಸಿಆರ್‌ಎಂ ಎಂಬುದನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಹಾಕಿಕೊಳ್ಳಬಹುದು. ನಾವು ಹಾಕಿಕೊಂಡದ್ದು ಯಾವುದು ಎಂಬುದು ಬೇಡ. ಎಲ್ಲಕ್ಕೂ ಫಸ್ಟ್ ನೇಮ್, ಲಾಸ್ಟ್ ನೇಮ್ ಬೇಕು, ಮತ್ತು ನಮ್ಮಲ್ಲಿ ಆ ಎರಡೂ ಇಲ್ಲ.

ನಮ್ಮಲ್ಲಿರುವುದು ಇನಿಷಿಯಲ್ಲು. ‘ಎ. ಕೆ. ಕಲ್ಲೇಶಪ್ಪ’ ಎಂದರೆ ಎ ಊರು, ಕೆ ಅಪ್ಪ, ಕಲ್ಲೇಶಪ್ಪ ಸಾಕ್ಷಾತ್ ಅವರೇ. ಊರದೇವರು ಕಲ್ಲೇಶ್ವರ ಆದ್ದರಿಂದ ಅಪ್ಪನೂ ಕಲ್ಲಯ್ಯ, ಮಗ ಕಲ್ಲೇಶ, ತಮ್ಮ ಕಲ್ಲೇಶಯ್ಯ, ಎದುರು ಮನೆಯಲ್ಲೊಬ್ಬ ಕಲ್ಲೇಗೌಡ. ಅದೇ ಕಲ್ಲೇಶ್ವರನ ಗುಡಿಯೊಳಗೆ ಹೋಗಿ ತಲೆಯೆತ್ತಿದರೆ ನಡುವೆ ಶಿವ ಕುಣಿಯುತ್ತಿದ್ದಾನೆ, ಸುತ್ತ ಅಷ್ಟದಿಕ್ಪಾಲಕರು ತಂತಮ್ಮ ವಾಹನವೇರಿ ತಂತಮ್ಮ ಚೌಕದಲ್ಲಿ ಕೂತಿದ್ದಾರೆ. ಎಂಟು ದಿಕ್ಕು, ಎಂಟೇ ಹೆಸರು, ಡೂಪ್ಲಿಕೇಟ್ ಇಲ್ಲ. ದೇವರು ಛಾವಣಿಯ ಮೇಲೆ ತೋರಿಸಿದ ಶಿಸ್ತನ್ನು ಕೆಳಗೆ ನಾಮಕರಣದಲ್ಲಿ ನಾವು ಪಾಲಿಸಲಿಲ್ಲ. ಚೆನ್ನಕೇಶವ ಗುಡಿ ಕೆತ್ತಿದ ರೂವಾರಿ ಹೊನ್ನೋಜ ಬರೀ ಹೊನ್ನೋಜ. ಅಷ್ಟರಲ್ಲೇ ಏಳೂವರೆ ಶತಮಾನ ಹೆಸರುಳಿಸಿಕೊಂಡ. ಈ ಸಾಫ್ಟ್‌ವೇರಿಗೆ ಅವನನ್ನು ಸೇರಿಸಹೋದರೆ ‘ಲಾಸ್ಟ್ ನೇಮ್ ಕಡ್ಡಾಯ’ ಎಂದು ಕೆಂಪಕ್ಷರದಲ್ಲಿ ತಡೆದು ನಿಲ್ಲಿಸುತ್ತಿತ್ತು.

ಹುಡುಗ ಪಟ್ಟಿಯನ್ನು ಒಳಗೆ ಹಾಕಿ, ಮಾದರಿ ಪತ್ರ ತೆಗೆದು ತೋರಿಸಿದ. ಟ್ರಸ್ಟಿನ ಅಧ್ಯಕ್ಷರಿಗೆ, ಎಂಬತ್ತು ದಾಟಿದ ಹಿರಿಯರಿಗೆ, ಕಂಪ್ಯೂಟರು ‘ಪ್ರಿಯ ಎ,’ ಎಂದು ಬರೆದಿತ್ತು. ಮೊದಲು ಬಂದ ತುಂಡೇ ಹೆಸರು ಎಂದು ಅದು ತಿಳಿದಿತ್ತು. ಅಧ್ಯಕ್ಷರು ಕನ್ನಡಕ ಏರಿಸಿ ಓದಿ, ‘ಏ ಅಂತ ನಮ್ಮಪ್ಪನೂ ನನ್ನ ಕರೆದಿರಲಿಲ್ಲ ಕಣ್ರಪ್ಪ’ ಅಂದರು. ಇನ್ನು ಡಿಟಿಪಿ ಅಂಗಡಿಯ ಹಳೆಯ ಕನ್ನಡ ಫಾಂಟಿನಲ್ಲಿ ಟೈಪಾಗಿದ್ದ ಪಟ್ಟಿ ಯೂನಿಕೋಡಿಗೆ ಬರುವಷ್ಟರಲ್ಲಿ ಅರ್ಧ ಊರು ಇಂಗ್ಲಿಷಿನ ದಪ್ಪಕ್ಷರ, ಸೊಟ್ಟ ಗೆರೆ, ಪೌಂಡಿನ ಗುರುತುಗಳಾಗಿ ಹೋಗಿತ್ತು. ಅದನ್ನು ತಿರುಗಿ ಮನುಷ್ಯರನ್ನಾಗಿ ಮಾಡಿದ್ದು ನಮ್ಮ ತಮ್ಮನ ಮಗಳು. ಬಿಕಾಂ ಓದುವ ಹುಡುಗಿ. ವಿಳಾಸದ ಕತೆಯೂ ಅಷ್ಟೆ. 2014ರ ನವೆಂಬರ್ 1ರಂದು ತುಮಕೂರು ಇಂಗ್ಲಿಷಿನಲ್ಲೂ ತುಮಕೂರೇ ಆಯಿತು, ಬೆಂಗಳೂರೂ ಬೆಂಗಳೂರಾಯಿತು. ನಮ್ಮ ರಸೀದಿಗಳಲ್ಲಿ ಹಳೆಯದೂ ಇತ್ತು, ಹೊಸದೂ ಇತ್ತು, ಎರಡರ ನಡುವಿನದೂ ಇತ್ತು. ಹಾಗಾಗಿ ಒಂದೇ ಮನೆಯ ಒಬ್ಬನೇ ಮನುಷ್ಯ ಮೂರು ಊರುಗಳಲ್ಲಿ ಸಂಸಾರ ಹೂಡಿದ್ದ.

ಇದಕ್ಕೆಲ್ಲ ಮದ್ದು ‘ಡಿಡ್ಯೂಪ್’ ಎಂದ ಹುಡುಗ. ಒಂದೇ ತರಹದ ದಾಖಲೆಗಳನ್ನು ಸಾಫ್ಟ್‌ವೇರೇ ಹುಡುಕಿ, ಬೆಸೆದು ಒಂದು ಮಾಡುತ್ತದೆ. ಹೇಗೆ ಹುಡುಕುತ್ತದೆ ಎಂದರೆ ಇಮೇಲ್ ನೋಡಿ. ಈಗ ನಮ್ಮ ರೈತರ ಇಮೇಲಿನ ಸಂಗತಿ ಹೇಳಬೇಕು. ಬೆಂಬಲ ಬೆಲೆಗೆ ಕೊಬ್ಬರಿ ಕೊಡಬೇಕಾದರೆ ನೋಂದಣಿ ಆಗಬೇಕು, ಅದಕ್ಕೆ ಸರ್ಕಾರದ ರೈತ ದಾಖಲೆಯ ಫ್ರೂಟ್ಸ್ ಐಡಿ ಬೇಕು, ಆಧಾರ್ ಬೇಕು, ಪಹಣಿ ಬೇಕು, ಕ್ಯೂ ಬೇಕು. ಇಂಥ ಅರ್ಜಿಗಳಲ್ಲಿ ಇಮೇಲ್ ಅಂತ ಒಂದು ಖಾನೆ ಬಂದರೆ ಜೆರಾಕ್ಸ್ ಅಂಗಡಿಯವನು ತನ್ನದನ್ನೇ ಹಾಕಿಬಿಡುತ್ತಾನೆ. ನಮ್ಮ ಟ್ರಸ್ಟಿನ ಫಾರಮ್ಮಿಗೂ ಎಲ್ಲರೂ ಅದನ್ನೇ ಬರೆಸಿಕೊಂಡು ಬಂದಿದ್ದರು. ಕಂಪ್ಯೂಟರು ಕ್ಷಣದಲ್ಲಿ ತೀರ್ಪು ಕೊಟ್ಟಿತು: ಇವರೆಲ್ಲ ಒಬ್ಬನೇ ಮನುಷ್ಯ, ಬೆಸೆಯಲೇ? ಹಳ್ಳಿಯನ್ನು ಒಗ್ಗೂಡಿಸಲು ಎಷ್ಟು ಮಠಾಧೀಶರು, ಎಷ್ಟು ಎಮ್ಮೆಲ್ಲೆಗಳು ಬಂದು ಹೋದರು! ಇಲ್ಲಿ ಒಂದು ಗುಂಡಿ ಒತ್ತಿದರೆ ಸಾಕಿತ್ತು. ತಮ್ಮನ ಮಗಳು ಹುಡುಗನ ಕೈ ಹಿಡಿದುಕೊಂಡಳು.

ಸಾಫ್ಟ್‌ವೇರು ಬೆಸೆಯಬಾರದ್ದನ್ನು ಬೆಸೆಯುತ್ತದೆ, ಬೆಸೆದದ್ದು ಒಡೆದಿರುವುದು ಅದಕ್ಕೆ ತಿಳಿಯುವುದಿಲ್ಲ. ‘ಹೌಸ್‌ಹೋಲ್ಡ್’ ಎಂಬ ಖಾನೆಯಿದೆ. ಒಂದೇ ವಿಳಾಸದವರಿಗೆ ಒಂದೇ ಪತ್ರ, ಅಂಚೆ ಖರ್ಚು ಉಳಿತಾಯ. ಆದರೆ ಒಂದೇ ವಿಳಾಸದ ಅಣ್ಣತಮ್ಮಂದಿರ ನಡುವೆ ಪಾಲಾಗಿ, ನಡುಮನೆಗೆ ಗೋಡೆ ಎದ್ದು, ತೋಟದ ಬದುವಿನ ಮೇಲಿನ ಒಂದು ತೆಂಗಿನ ಮರ ಮಾತ್ರ ಇನ್ನೂ ಕೋರ್ಟಿನಲ್ಲಿದೆ. ಒಂದು ಸಲ ‘ಕುಟುಂಬದವರಿಗೆ’ ಎಂದು ಹೋದ ಲಕೋಟೆಯನ್ನು ಪೋಸ್ಟ್‌ಮ್ಯಾನು ಜಗಲಿಯ ಮೇಲಿಟ್ಟು ಬಂದ. ಆ ಕಡೆಯವರು ಇದು ಈ ಕಡೆಯವರದು ಎಂದರು, ಈ ಕಡೆಯವರು ಆ ಕಡೆಯವರದು ಎಂದರು. ಲಕೋಟೆ ಗೋಡೆಯ ನೇರಕ್ಕೇ ಬಿದ್ದಿದ್ದು, ಕೊನೆಗೆ ಮೇಕೆ ಅದನ್ನು ಇಡಿಯಾಗಿ ತಿಂದು ವ್ಯಾಜ್ಯ ಬಗೆಹರಿಸಿತು.

‘ದಿವಂಗತ’ ಎಂಬ ಗುರುತೂ ಉಂಟು. ಅದರ ಮುಂದೆ ಟಿಕ್ ಹಾಕಿದರೆ ಆ ಹೆಸರಿಗೆ ಪತ್ರ ಹೋಗುವುದಿಲ್ಲ. ನಮ್ಮ ಪಟ್ಟಿಯಲ್ಲಿ ತಪ್ಪದೆ ವರ್ಷಾವರ್ಷ ಕೊಡುವವರು ದಿವಂಗತರೇ! ತಿಥಿಯ ದಿನ ‘ನಮ್ಮಪ್ಪನ ಹೆಸರಲ್ಲಿ’ ಎಂದು ಮಕ್ಕಳು ಹಣ ಕಟ್ಟುತ್ತಾರೆ. ರಸೀದಿಯೂ ಅಪ್ಪನ ಹೆಸರಿಗೇ ಬೇಕು. ಇದಕ್ಕೆ ‘ಸಾಫ್ಟ್ ಕ್ರೆಡಿಟ್’ ಎಂಬ ಉಪಾಯವಿದೆ, ಹಣ ಒಬ್ಬರದು, ಪುಣ್ಯ ಇನ್ನೊಬ್ಬರದು ಎಂದು ಬರೆದುಕೊಳ್ಳಲು. ಈ ಒಂದು ವಿಷಯದಲ್ಲಿ ಅಮೆರಿಕದವರಿಗೂ ನಮಗೂ ಭೇದವಿಲ್ಲ ಎಂದು ಸಮಾಧಾನವಾಯಿತು. ಹೋದ ವರ್ಷ ಕೊಟ್ಟು ಈ ವರ್ಷ ಕೊಡದವರನ್ನು ಹೆಕ್ಕಿ ಕೊಡುವ ವರದಿಯೊಂದಿದೆ, ‘ಲೈಬಂಟ್’ ಎನ್ನುತ್ತಾರೆ. ತೆಗೆದು ನೋಡಿದರೆ ಅದರಲ್ಲಿ ಇದ್ದವರೆಲ್ಲ ಬದುಕಿದ್ದವರು.

ಆ ವರದಿಗೆ ಕೊಬ್ಬರಿಯ ಲೆಕ್ಕ ಗೊತ್ತಿಲ್ಲ, ಅದೇ ತೊಂದರೆ. ನಮ್ಮಲ್ಲಿ ‘ಕೊಬ್ಬರಿ ಮಾರಿ ಕೊಡ್ತೀನಿ’ ಎಂದವರನ್ನು ‘ಪ್ಲೆಡ್ಜ್’ ಖಾನೆಗೆ ಹಾಕಿದೆವು. ತಿಂಗಳು ತುಂಬಿದ ಕೂಡಲೇ ಅದು ‘ಬಾಕಿ’ ಎಂದು ಕೂಗತೊಡಗಿತು. ಉಂಡೆ ಕೊಬ್ಬರಿ ತಿಂಗಳಿಗೆ ಆಗುವಂಥದ್ದೇ? ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೇರಿಸಿದರೆ ಒಳಗಿನ ನೀರು ಇಂಗಿ, ಗಿಟುಕು ಚಿಪ್ಪು ಬಿಟ್ಟು ಲೊಡಲೊಡ ಅನ್ನಲು ಎಂಟು ತಿಂಗಳಿಂದ ವರ್ಷದವರೆಗೆ ಹಿಡಿಯುತ್ತದೆ. ಆಮೇಲೆ ಸುಲಿಸಬೇಕು, ಒಡೆಸಬೇಕು, ಚೀಲ ತುಂಬಿ ತಿಪಟೂರು ಮಾರುಕಟ್ಟೆಗೆ ಒಯ್ಯಬೇಕು. ಅಲ್ಲಿ ರೇಟು ಕೂತಿರಬಾರದು. 2024ರ ಹಂಗಾಮಿಗೆ ಕೇಂದ್ರ ಕಟ್ಟಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ಅದಕ್ಕಿಂತ ಮೇಲೆ ಹೋದರೆ ‘ಇನ್ನೂ ಏರ್ತದೆ’ ಎಂದು ಮಾರುವುದಿಲ್ಲ, ಕೆಳಗೆ ಬಿದ್ದರೆ ‘ಏರಲಿ’ ಎಂದು ಮಾರುವುದಿಲ್ಲ. ಮಾತು ಕೊಟ್ಟವನು ಅಟ್ಟದ ಕೆಳಗೆ ಧೈರ್ಯವಾಗಿ ಮಲಗಿರುತ್ತಾನೆ. ಅವನ ಪಾಲಿಗೆ ದಾನ ಆಗಲೇ ಆಗಿದೆ, ಮೇಲೆ ಒಣಗುತ್ತಿದೆ ಅಷ್ಟೆ. ಕಂಪ್ಯೂಟರಿನ ಪಾಲಿಗೆ ಅವನು ಸುಸ್ತಿದಾರ.

ಇನ್ನು ಸರ್ಕಾರದ ಪಾಲು. ದಾನಿಗಳಿಗೆ ಆದಾಯ ತೆರಿಗೆಯ 80ಜಿ ರಿಯಾಯಿತಿ ಕೊಡಿಸುವ ಟ್ರಸ್ಟುಗಳು 2021-22ನೇ ಸಾಲಿನಿಂದ ದಾನಿಗಳ ವಿವರವನ್ನು 10ಬಿಡಿ ಎಂಬ ಫಾರಮ್ಮಿನಲ್ಲಿ, ಪ್ಯಾನ್, ಆಧಾರ್‌ನಂಥ ಗುರುತಿನ ನಂಬರಿನ ಸಮೇತ, ಮೇ 31ರೊಳಗೆ ಒಪ್ಪಿಸುವ ನಿಯಮ ಬಂತು. ಆಗಲೇ ಎರಡು ಸಾವಿರಕ್ಕೆ ಮೇಲ್ಪಟ್ಟ ನಗದಿಗೆ ಆ ರಿಯಾಯಿತಿ ಇರಲಿಲ್ಲ, ವಸ್ತುರೂಪದ ದಾನಕ್ಕೂ ಇರಲಿಲ್ಲ. ಚೀಲ ಕಾಯಿ ತಂದು ಇಳಿಸಿದವರಿಗೆ ಇದನ್ನು ವಿವರಿಸುವುದು ನನ್ನ ಕೆಲಸ. ‘ಐನೂರು ರೂಪಾಯಿ ಕೊಡಕ್ಕೆ ಆಧಾರ್ ಯಾಕ್ ಮೇಷ್ಟ್ರೇ, ಸಾಲ ಕೊಡ್ತೀರಾ?’ ಎಂದು ಒಬ್ಬರು ಕೇಳಿದರು. ತೆರಿಗೆ ಉಳಿಯುತ್ತದೆ ಎಂದೆ. ಬೇಸಾಯದ ಆದಾಯಕ್ಕೆ ತೆರಿಗೆ ಎಲ್ಲಿದೆ ಎಂದು ತಿರುಗಿ ನನಗೇ ಪಾಠ ಹೇಳಿ, ಕಾಫಿ ಕುಡಿದು, ನಂಬರು ಹೇಳದೆ ಎದ್ದು ಹೋದರು.

ಕಡೆಗೆ ನಮ್ಮನ್ನು ಕಾಪಾಡಿದ್ದು ಕಂಪ್ಯೂಟರಿನಲ್ಲಿ ಪ್ರತಿ ದಾಖಲೆಯ ತಳದಲ್ಲಿದ್ದ ಖಾಲಿ ಚೌಕ, ‘ನೋಟ್ಸ್’ ಅಂತ. ತಮ್ಮನ ಮಗಳು ಅದರ ಮೇಲೆ ‘ಷರಾ’ ಎಂದು ಬರೆದಳು. ಹಳೆಯ ಮೇಷ್ಟ್ರಿಗೆ ಷರಾ ಕಲಂ ಸಿಕ್ಕಿದ್ದೇ ತಡ, ಊರಿಗೆ ಊರೇ ಅದರೊಳಗೆ ಬಂದು ಕೂತಿತು. ‘ಇವರಿಗೆ ಪತ್ರ ಹಾಕಬಾರದು, ಹೋಗಿ ಜಗಲಿ ಮೇಲೆ ಕೂತು ಕೇಳಬೇಕು.’ ‘ಇವರಿಗೆ ಅಣ್ಣನ ಮನೆಗಿಂತ ಮೊದಲೇ ಪತ್ರ ಮುಟ್ಟಬೇಕು.’ ‘ಸೊಸೆಗೆ ಕೊಡಿ, ಯಜಮಾನರು ಓದದೆ ಬಚ್ಚಲೊಲೆಗೆ ಹಾಕುತ್ತಾರೆ.’ ‘ಈ ಸಲ ನುಸಿ ಬಿದ್ದಿದೆ, ಕೇಳಬೇಡಿ.’ ಬೆಂಗಳೂರಿನ ಹುಡುಗ ಓದಿ, ಇದರಲ್ಲಿ ಒಂದನ್ನೂ ಫಿಲ್ಟರ್ ಮಾಡಲು ಬರುವುದಿಲ್ಲ ಎಂದು ತಲೆಯ ಮೇಲೆ ಕೈಹೊತ್ತ. ಫಿಲ್ಟರ್ ಮಾಡುವುದಕ್ಕಲ್ಲ ಮಾರಾಯ, ಮರ್ಯಾದೆ ಉಳಿಸಿಕೊಳ್ಳುವುದಕ್ಕೆ ಎಂದೆ. ಸಾಫ್ಟ್‌ವೇರಿನ ಕಣ್ಣಿಗೆ ಒಮ್ಮೆ ಕೊಟ್ಟವನು ಮತ್ತೆ ಕೊಡಬೇಕಾದವನು. ಊರಿನ ಕಣ್ಣಿಗೆ ಒಮ್ಮೆ ಕೊಟ್ಟವನಿಗೆ ನಾವು ಏನೋ ಸಲ್ಲಿಸಬೇಕಾದವರು.

ಪತ್ರಗಳು ಹೋದವು. ಸಲ್ಲಿಸಬೇಕಾದ್ದು ಏನೆಂಬುದು ಒಂದೊಂದೇ ಉತ್ತರ ಬಂದಾಗ ತಿಳಿಯಿತು. ಇಮೇಲಿನಲ್ಲಿ ಯಾರೂ ಬರೆಯಲಿಲ್ಲ, ಎಲ್ಲರೂ ಖುದ್ದು ಬಂದರು. ‘ನಿಮ್ ಕಾಗದ ಬಂದಿತ್ತು ಮೇಷ್ಟ್ರೇ, ಅದಕ್ಕೇ ಬಂದೆ’ ಎಂದು ಹಣ ಎಣಿಸಿಕೊಟ್ಟರು, ರಸೀದಿಯಲ್ಲಿ ಇನಿಷಿಯಲ್ ಸರಿಯಿದೆಯೇ ಎಂದು ಬೆರಳಿಟ್ಟು ನೋಡಿದರು. ಆಮೇಲೆ ಜೇಬಿನಿಂದ ಅರಿಶಿನ ಹಚ್ಚಿದ ಲಗ್ನಪತ್ರಿಕೆ ತೆಗೆದರು. ‘ನಮ್ ಹುಡುಗೀದು. ಟ್ರಸ್ಟಿನೋರು ತಪ್ಪದೆ ಬರಬೇಕು.’ ನಾವು ಅವರ ಹೆಸರು ಬರೆದುಕೊಂಡಿದ್ದೆವಲ್ಲ, ಅವರೂ ನಮ್ಮ ಹೆಸರು ಬರೆದುಕೊಂಡಿದ್ದರು. ಗೃಹಪ್ರವೇಶ, ನಾಮಕರಣ, ತೋಟದ ಬೋರ್‌ವೆಲ್ ಪೂಜೆ, ಒಂದನ್ನೂ ಬಿಡದೆ ಕರೆದರು. ಅಧ್ಯಕ್ಷರಿಗೆ ಓಡಾಟ ಆಗದು, ಖಜಾಂಚಿಗೆ ಸಕ್ಕರೆ ಕಾಯಿಲೆ. ಹೋಗಿ ಉಂಡು ಮುಯ್ಯಿ ಹಾಕಿ ಬರುವ ಹೊಣೆ ಕಾರ್ಯದರ್ಶಿಯ ಹೆಗಲಿಗೆ ಬಿತ್ತು. ತುರುವೇಕೆರೆಯಿಂದ ಚಿಕ್ಕನಾಯಕನಹಳ್ಳಿಯವರೆಗೆ ಇರುವ ಕಲ್ಯಾಣಮಂಟಪಗಳ ಪಾಯಸದಲ್ಲಿ ಯಾವುದು ಹೇಗೆ ಎಂದು ಈಗ ನಾನು ಕಣ್ಣುಮುಚ್ಚಿ ಹೇಳಬಲ್ಲೆ.

ವರ್ಷದ ಕೊನೆಗೆ ತಮ್ಮನ ಮಗಳು ಎರಡು ಪಟ್ಟಿ ತೆಗೆದು ಪಕ್ಕಪಕ್ಕ ಇಟ್ಟಳು, ಬಂದ ದಾನ ಮತ್ತು ಹಾಕಿದ ಮುಯ್ಯಿ. ಎರಡರ ನಡುವೆ ಅಂಥ ದೊಡ್ಡ ಅಂತರವೇನೂ ಇರಲಿಲ್ಲ. ಮುಯ್ಯಿಯ ಖರ್ಚನ್ನು ಯಾವ ಬಾಬ್ತಿನಲ್ಲಿ ಬರೆಯಬೇಕು ಎಂದು ಕೇಳಿಕೊಂಡು ಪುಸ್ತಕಗಳ ಸಮೇತ ಆಡಿಟರ ಹತ್ತಿರ ಹೋದೆ. ಅವರು ಪುಟ ಪುಟವನ್ನೂ ತಿರುವಿ, ಟ್ರಸ್ಟಿನ ನಿಯಮಾವಳಿ ತರಿಸಿ ಓದಿ, ಬಹಳ ಹೊತ್ತು ಯೋಚಿಸಿ, ‘ಇದನ್ನು ಮುಂದಿನ ವಾರ ಕೂತು ನೋಡೋಣ ಮೇಷ್ಟ್ರೇ’ ಎಂದು ಎದ್ದು ನಿಂತು, ಮೇಜಿನ ಖಾನೆ ಎಳೆದು, ತಮ್ಮ ಮಗಳ ಲಗ್ನಪತ್ರಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು.