‘ಫ್ರೀ’: ಬಳಕೆದಾರರ ಕೈಪಿಡಿ

ಈ ಇಂಗ್ಲಿಷ್ ವಿಶೇಷಣ ಮನೆಗೆ ತಂದದ್ದಕ್ಕೆ ಅಭಿನಂದನೆಗಳು. (ನೀವು ತರಲಿಲ್ಲ, ಅದೇ ಬಂತು. ಇರಲಿ.) ಬಾಯಿಗೆ ಹಾಕಿಕೊಳ್ಳುವ ಮುನ್ನ ಇದನ್ನು ಓದಿ.

ಪೆಟ್ಟಿಗೆಯಲ್ಲಿ ಇರುವುದು: ಬಿಟ್ಟಿ, ಬಿಡುವು, ಸಡಿಲ, ಖಾಲಿ. ಯಾವುದು ಹೊರಬರುತ್ತದೆ ಎಂಬುದು ಪಕ್ಕದ ಪದದ ಮರ್ಜಿ. ಸೋಪಿನ ಜತೆ ಬಾಚಣಿಗೆ ಫ್ರೀ ಎಂದರೆ ಕೇಳಿ ಇಸಕೊಳ್ಳಿ. ಬಿಸ್ಕತ್ತಿನ ಮೇಲೆ ‘ಶುಗರ್ ಫ್ರೀ’ ಎಂದಿದ್ದರೆ ಅಂಗಡಿಯವನನ್ನು ಸಕ್ಕರೆ ಕೇಳಬೇಡಿ. ನಟ್ಟು ಫ್ರೀ ಆಗಿದೆ ಎಂದು ಮೆಕ್ಯಾನಿಕ್ ಹೇಳಿದರೆ ಹಿಗ್ಗಬೇಡಿ, ಅದಕ್ಕೆ ಬಿಲ್ಲಿದೆ.

ರಸ್ತೆಯಲ್ಲಿ: ‘ಫ್ರೀ ಲೆಫ್ಟ್’ ಫಲಕವಿದ್ದಲ್ಲಿ ಕೆಂಪು ದೀಪ ಉರಿಯುತ್ತಿದ್ದರೂ ಎಡಕ್ಕೆ ತಿರುಗಬಹುದು. ನೇರ ಹೋಗುವ ಆಟೋ ಅಲ್ಲೇ ಅಡ್ಡ ನಿಂತಿರುತ್ತದೆ. ಹಾರ್ನ್ ಹೊಡೆಯಿರಿ. ಅದೂ ಫ್ರೀ.

ಬಸ್ಸಿನಲ್ಲಿ: 2023ರ ಜೂನ್ 11ರಿಂದ, ಶಕ್ತಿ ಯೋಜನೆಯಲ್ಲಿ, ಕರ್ನಾಟಕದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಫ್ರೀ. ಟಿಕೆಟ್ ಮಾತ್ರ ತಗೊಳ್ಳಲೇಬೇಕು, ಸೊನ್ನೆ ರೂಪಾಯಿಯದು. ಸೀಟು ಫ್ರೀ ಇದೆಯೇ ಎಂಬುದು ಬೇರೆಯೇ ಪ್ರಶ್ನೆ.

ತಯಾರಿಕೆಯ ವಿವರ: ಸಂಸ್ಕೃತದ ‘ಪ್ರಿಯ’ ಇದರ ದಾಯಾದಿ, ‘ಫ್ರೆಂಡ್’ ಕೂಡ ಅದೇ ಮನೆಯದು. ಮನೆಯ ಪ್ರೀತಿಪಾತ್ರರು, ಅಂದರೆ ಆಳಲ್ಲದವರು, ಹಾಗಾಗಿ ಸ್ವತಂತ್ರರು ಎಂದು ಅರ್ಥ ಬೆಳೆಯಿತು ಅನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಕಾಸಿಲ್ಲದೆ ಸಿಗುವುದು ಎಂಬ ಅರ್ಥ ಆಮೇಲಿನದು. ನಮ್ಮ ‘ಬಿಟ್ಟಿ’ಯ ಜಾತಕ ನೋಡಿದರೆ ತದ್ವಿರುದ್ಧ. ಅದು ‘ವಿಷ್ಟಿ’ಯ ತದ್ಭವ: ಕೂಲಿ ಕೊಡದೆ ಮಾಡಿಸಿಕೊಳ್ಳುವ ಚಾಕರಿ. ಇವೆರಡೂ ಈಗ ಒಂದೇ ತಕ್ಕಡಿಯಲ್ಲಿ ಕೂತಿರುವುದರಿಂದ ಮುಂದಿನ ಭಾಗವನ್ನು ಎರಡು ಸಲ ಓದಿ.

ಅಪಾಯ! ಮನುಷ್ಯರ ಮೇಲೆ ಬಳಸುವಾಗ: “ಭಾನುವಾರ ಫ್ರೀನಾ?” ಎಂದು ಯಾರಾದರೂ ಕೇಳಿದರೆ ‘ಹೂಂ’ ಎನ್ನಬೇಡಿ. ಆ ಕ್ಷಣವೇ ನೀವು ಇಂಗ್ಲಿಷಿನ ಫ್ರೀಯಿಂದ ಕನ್ನಡದ ಬಿಟ್ಟಿಗೆ ಜಾರುತ್ತೀರಿ. ಬೀರು ಮೂರನೇ ಮಹಡಿಗೆ ಏರಬೇಕಿರುತ್ತದೆ. ಷಡ್ಡಕನ ಮಗನಿಗೆ ಲೆಕ್ಕ ಹೇಳಿಕೊಡಬೇಕಿರುತ್ತದೆ. ಕವನ ಸಂಕಲನದ ಬಿಡುಗಡೆಗೆ ಸಭಿಕರು ಬೇಕಿರುತ್ತಾರೆ (ಇದಕ್ಕಿಂತ ಬೀರು ಹಗುರ). ‘ಇಲ್ಲ’ ಎಂದರೂ ನಷ್ಟವೇ. ಆ ಭಾನುವಾರ ಅವರ ಮನೆಯಲ್ಲಿ ಹೋಳಿಗೆ ಊಟ ಇದ್ದಿರಬಹುದು.

ಸರಿಯಾದ ವಿಧಾನ: ಮೂರು ಸೆಕೆಂಡ್ ಸುಮ್ಮನಿರಿ. ಕ್ಯಾಲೆಂಡರ್ ಕಡೆ ನೋಡಿ. “ಯಾಕೆ, ಏನ್ ಸಮಾಚಾರ?” ಅನ್ನಿ. ಉತ್ತರದಲ್ಲಿ ಹೋಳಿಗೆ ಇದ್ದರೆ ಫ್ರೀ. ಬೀರು ಇದ್ದರೆ ತುಮಕೂರಿನಲ್ಲಿ ಮದುವೆ.

ದೋಷ ನಿವಾರಣೆ: ನುರಿತ ಕೇಳುಗರು “ಮೊದ್ಲು ಫ್ರೀನಾ ಅಲ್ವಾ ಹೇಳಿ, ಆಮೇಲ್ ಹೇಳ್ತೀನಿ” ಅನ್ನುತ್ತಾರೆ. ಇದಕ್ಕೆ ಕಂಪನಿಯಲ್ಲಿ ರಿಪೇರಿ ಇಲ್ಲ. ಬೀರು ಎತ್ತುವಾಗ ಮೊಣಕಾಲು ಬಗ್ಗಿಸಿ, ಸೊಂಟ ಬಗ್ಗಿಸಬೇಡಿ.