ಎರೆನೆಲದಲ್ಲಿ ಕರಿಕೆಯ ಬಿತ್ತನೆ

ನವಲಗುಂದದ ಎರೆಭೂಮಿಯಲ್ಲಿ ಒಕ್ಕಲುತನ ಮಾಡುವವನಿಗೆ ವೈರಿಗಳು ಮೂವರು: ಬಾರದಿರುವ ಮಳೆ, ಬಂದೇ ಬರುವ ಸಾಲಗಾರ, ಏನು ಮಾಡಿದರೂ ಹೋಗದಿರುವ ಕರಿಕೆ. ಮೊದಲನೆಯದಕ್ಕೆ ದೇವರಿದ್ದಾನೆ, ಎರಡನೆಯವನಿಗೆ ಹಿತ್ತಲ ಬಾಗಿಲಿದೆ. ರಂಟೆಗೆ ಸಿಕ್ಕಿ ತುಂಡಾದಷ್ಟೂ ಗಿಣ್ಣುಗಿಣ್ಣಿಗೆ ಬೇರೂರಿ ಮತ್ತೆ ಚಿಗುರುವ ಮೂರನೆಯದಕ್ಕೆ ಮಾತ್ರ ಬೆವರಲ್ಲದೆ ಅನ್ಯ ಉಪಾಯವಿಲ್ಲ. ಇದನ್ನೇ ಚೌತಿಯ ದಿನ 21ರ ಲೆಕ್ಕದಲ್ಲಿ ಸ್ವೀಕರಿಸಿ ವಿಘ್ನೇಶ್ವರನು ಸುಪ್ರಸನ್ನನಾಗುವನೆಂದರೆ, ಅವನಿಗೆ ಎರೆಹೊಲವಿಲ್ಲವೆಂದೇ ನಾನು ಭಾವಿಸಿದ್ದೇನೆ.

ಇಂಥ ಸೀಮೆಯಲ್ಲಿ ನಾನು ದುಡ್ಡು ತೆತ್ತು ಕರಿಕೆಯ ಬೀಜವನ್ನು ತರಿಸಿದೆನು.

ಧಾರವಾಡದ ಹಳೆಯ ಬಂಗಲೆಗಳ ಅಂಗಳವನ್ನು ಕಂಡು ಮರುಳಾಗಿ, ನಿವೃತ್ತನಾದ ಮೇಲೆ ಮನೆಯ ಮುಂದೆ ನಾನು ಹಾಸಿಸಿದ್ದ ಹುಲ್ಲು ಬೇವಿನ ನೆರಳು ಬಿದ್ದಲ್ಲೆಲ್ಲ ತೆಳುವಾಗುತ್ತ ನಡೆದಿತ್ತು. ಕರಿಕೆಗೆ ತುಂಬುಬಿಸಿಲು ಅತ್ಯವಶ್ಯಕವೆಂಬ ಸಂಗತಿಯನ್ನು ಬೀಜ ಮಾರುವವರು ಪೊಟ್ಟಣದ ಬೆನ್ನಿಗೆ, ಭೂತಗನ್ನಡಿಗೂ ಮಣಿಯದ ಅಕ್ಷರಗಳಲ್ಲಿ ಮುದ್ರಿಸಿರುತ್ತಾರೆ. ಬೆಲೆಯನ್ನು ಮಾತ್ರ ಹಾದಿಹೋಕನೂ ಓದಬಹುದು. ಬೇವನ್ನು ಕಡಿಸೋಣವೆಂದರೆ ನನ್ನ ಆರಾಮ ಕುರ್ಚಿಯಿರುವುದು ಅದರ ಕೆಳಗೇ. ನೆರಳಿನಲ್ಲಿ ನಾನು, ನನ್ನ ಕಾಲಡಿಯಲ್ಲಿ ಹಸುರು: ಈ ಎರಡನ್ನೂ ಏಕಕಾಲಕ್ಕೆ ಅಪೇಕ್ಷಿಸುವುದು ಅತ್ಯಾಶೆಯೆಂದು ನನಗೆ ಇಂದಿಗೂ ತೋರಿಲ್ಲ.

ಕರಿಕೆಯ ಬೀಜ ಕಿಲೋಗ್ರಾಮಿಗೆ ಸುಮಾರು 40 ಲಕ್ಷ ತೂಗುವಷ್ಟು ಸೂಕ್ಷ್ಮವಾದುದು. ಉಸುಕಿನಲ್ಲಿ ಬೆರೆಸದೆ ಎರಚಿದರೆ ಗಾಳಿಯು ಅದನ್ನು ತನಗೆ ಬೇಕಾದ ಊರಿಗೆ ಒಯ್ಯುತ್ತದೆ. ಆದುದರಿಂದ ಗಾಳಿ ಏಳುವ ಮುನ್ನವೇ, ಧೋತರವನ್ನು ಮೊಣಕಾಲಿಗೆ ಎತ್ತಿಕಟ್ಟಿ, ಬುಟ್ಟಿಯನ್ನು ಸೊಂಟಕ್ಕೇರಿಸಿ, ಬಿತ್ತಿದ್ದನ್ನು ತುಳಿಯಬಾರದೆಂದು ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತ, ಎಡಕ್ಕೊಂದು ಬಲಕ್ಕೊಂದು ಮುಷ್ಟಿಯನ್ನು ಗಂಭೀರವಾಗಿ ಪ್ರೋಕ್ಷಿಸುತ್ತಿರಲು, ಬದುವಿನ ಮೇಲೆ ನೆರೆಹೊಲದ ಗೌಡರು ಎತ್ತುಗಳ ಸಮೇತ ನಿಂತಿರುವುದು, ನನ್ನ ಬೆನ್ನಿಗೆ ಒಂದೆತ್ತಿನ ಮೂತಿ ತಗುಲಿದ ಕ್ಷಣದಲ್ಲಿ ಗೊತ್ತಾಯಿತು.

“ಏನ್ ಬಿತ್ತಾಕತ್ತೀರಿ ಮಾಸ್ತರ? ಸಜ್ಜಿ?”

“ಅಲ್ಲ.”

“ನವಣಿ?”

“ಅದೂ ಅಲ್ಲ.”

ಗೌಡರು ಬುಟ್ಟಿಗೆ ಕೈಹಾಕಿ, ಚಿಟಿಕೆಯಷ್ಟು ಅಂಗೈಗೆ ಸುರಿದುಕೊಂಡು, ಊದಿ, ಮೂಸಿ, ನಾಲಗೆಯ ತುದಿಗೂ ತಾಗಿಸಿ, ಉಸುಕನ್ನು ಉಗುಳಿದರು. ಎಳ್ಳೆಂದರು, ರಾಜಗಿರಿಯೆಂದರು, ಸರಕಾರದವರು ಹೊಸದಾಗಿ ಕೊಟ್ಟ ಯಾವುದೋ ತಳಿಯೆಂದರು. ಇನ್ನು ಮುಚ್ಚಿಡುವುದು ಅಸಾಧ್ಯವೆಂದರಿತು, ನಾನು ಬೇವಿನ ಮರದ ಕಡೆ ಮುಖ ಮಾಡಿ, “ಕರಕಿ” ಎಂದೆನು.

ಅವರು ನಗಲಿಲ್ಲ. ಎತ್ತುಗಳ ಹಗ್ಗವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು; ಬೀಜವನ್ನು ಒಂದೂ ಚೆಲ್ಲದಂತೆ ಬುಟ್ಟಿಗೆ ಹಿಂದಿರುಗಿಸಿ, ಅಂಗೈಯನ್ನು ಧೋತರಕ್ಕೆ ಎರಡೆರಡು ಸಲ ಒರೆಸಿಕೊಂಡರು; ಬಳಿಕ ಅತ್ಯಂತ ಸೌಜನ್ಯದಿಂದ, “ರೊಕ್ಕಾ ಯಾಕ್ ಹಾಳ ಮಾಡಿದ್ರಿ? ನಮ್ಮ ಹೊಲದಾಗ ಎರಡೆಕರೆ ಐತಿ, ಕಿತ್ಕೊಂಡ್ ಹೋಗ್ರಿ. ಬ್ಯಾಡ ಅನ್ನಂಗಿಲ್ಲ,” ಎಂದರು. ಹೊರಟವರು ಮತ್ತೆ ನಿಂತು, ನನ್ನ ಕಡೆ ನೋಡದೆಯೇ, “ನಮ್ಮಪ್ಪ ಸಾಯೂತನಕ ಇದನ್ನs ಅಗದಾನ್ರಿ. ಅಗಸೂ ಸಾಲಕ್ಕ ಒತ್ತಿ ಹಾಕಿದ ಹೊಲಾ ತಿರುಗಿ ಬರಲಿಲ್ಲ,” ಎಂದರು.

ಕರಿಕೆಯ ಬೀಜ ಮೊಳೆಯುವತನಕ ಮೇಲ್ಮಣ್ಣು ಆರಕೂಡದು. ಕಾಲುವೆಗೆ ಮಲಪ್ರಭೆಯ ನೀರು ಬಿಟ್ಟರೆ ಕೆರೆ ತುಂಬಬೇಕು, ಕೆರೆ ತುಂಬಿದರೆ ಊರು ಕುಡಿಯಬೇಕು. ಅಂದು ಸಂಜೆ ಝಾರಿ ಹಿಡಿದು ನಿಂತಾಗ, ಕೊಡ ಹೊತ್ತು ಹೋಗುತ್ತಿದ್ದ ಹೆಂಗಸರು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಮರುದಿನದಿಂದ ಬಚ್ಚಲ ನೀರನ್ನೇ ಹೊತ್ತೆನು.

ಹುಲ್ಲು ಮೊಳೆಯಿತು. ಬೇವಿನ ಕೆಳಗಿನದು ಎಳೆಯದರಲ್ಲೇ ನಂದಿತು. ಬಿಸಿಲಿಗೆ ಬಿದ್ದುದು ಮಳೆ ಹಿಡಿದೊಡನೆ ಸೊಕ್ಕಿ, ಕುರ್ಚಿಗೆ ಬೆನ್ನು ತಿರುವಿ, ನೇರ ಗೌಡರ ಬದುವಿನತ್ತ ಬಳ್ಳಿಯಿಟ್ಟಿತು. ಈಗ ನಾನು ಮುಂಜಾನೆ ಮರದ ಬುಡದಲ್ಲಿ ಕರಿಕೆಯನ್ನು ಬಿತ್ತಿ, ಸಂಜೆ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕುಳಿತು ಅದೇ ಕರಿಕೆಯನ್ನು ಕೀಳುತ್ತೇನೆ. ಗೌಡರು ಹಗ್ಗ ಹೊಸೆಯುತ್ತ ಬಳಿಯಲ್ಲೇ ಕುಳಿತಿರುತ್ತಾರೆ.

“ಬೇರ್ ಉಳೀಬಾರದು ನೋಡ್ರಿ ಮಾಸ್ತರ. ಇನ್ನೂ ಆಳಕ್ಕ ಹೋಗ್ರಿ.”